ಕಚ್ಚುವ ಬೆಕ್ಕು ಮನೆಗೆ ಬಂದರೆ

ವರ್ಗವಾಗಿ ಊರು ಬಿಟ್ಟ ಪಕ್ಕದ ಮನೆಯವರು ತಮ್ಮ ಎರಡು ವರ್ಷದ ಬೆಕ್ಕನ್ನು ಡೊಂಬಿವಲಿಯ ನಮ್ಮ ಮನೆಗೆ ಕೊಟ್ಟು ಹೋದರು. ಮುದ್ದಾಗಿದೆ, ಆದರೆ ಮೈ ಸವರುತ್ತಿದ್ದಂತೆ ಕಚ್ಚುತ್ತದೆ. "ಮಾರ್ಕೆಟ್ಟಿನಲ್ಲಿ ಬಿಟ್ಟು ಬಾರೋ" ಅಂದರು ಅಜ್ಜಿ. ಕೈಯಲ್ಲಿ ಉಂಡು ಬೆಳೆದದ್ದು ಬೀದಿಯಲ್ಲಿ ಬದುಕೀತೇ?

ಕಚ್ಚುವುದು ದ್ವೇಷದಿಂದಲ್ಲ. ಮರಿಗಳು ಒಂದನ್ನೊಂದು ಕಚ್ಚಿ ಆಡುತ್ತಲೇ ಎಷ್ಟು ಮೆಲ್ಲಗೆ ಕಚ್ಚಬೇಕು ಅನ್ನೋದನ್ನು ಕಲಿಯುತ್ತವೆ. ಎಂಟು ವಾರ ತುಂಬುವ ಮೊದಲೇ ತಾಯಿಯಿಂದ ಬಿಡಿಸಿದರೆ ಆ ಪಾಠ ಅರ್ಧಕ್ಕೇ ನಿಲ್ಲುತ್ತದೆ. ಮೇಲಾಗಿ ನಾವೇ ಬೆರಳಾಡಿಸಿ ಆಟವಾಡಿಸಿದರೆ, ಅದರ ಪಾಲಿಗೆ ನಮ್ಮ ಕೈಯೇ ಇಲಿ!

ಕಚ್ಚುವ ಮುಂಚೆ ಬೆಕ್ಕು ಸೂಚನೆ ಕೊಡುತ್ತದೆ. ಬಾಲ ಪಟಪಟ ಬಡಿಯುತ್ತದೆ, ಕಿವಿ ಹಿಂದಕ್ಕೆ ಮಡಚುತ್ತದೆ, ಬೆನ್ನಿನ ಚರ್ಮ ಅದುರುತ್ತದೆ. ಅಷ್ಟಕ್ಕೇ ಕೈ ತೆಗೆಯಿರಿ. ಹಿಡಿದೇಬಿಟ್ಟರೆ ಜಗ್ಗಬೇಡಿ, ಜಗ್ಗಿದಷ್ಟೂ ಬಿಗಿಯಾಗುತ್ತದೆ. ಅಲುಗದೆ ಇದ್ದು, ಬಿಟ್ಟ ಮೇಲೆ ಎದ್ದು ಹೋಗಿ. ಹೊಡೆದರಂತೂ ಹೆದರಿಕೆಯೂ ಹೆಚ್ಚು, ಕಚ್ಚುವುದೂ ಹೆಚ್ಚು. ದಿನಾ ಊಟಕ್ಕೆ ಮೊದಲು ದಾರಕ್ಕೆ ಕಾಗದದ ಉಂಡೆ ಕಟ್ಟಿ ಹತ್ತು ನಿಮಿಷ ಓಡಿಸಿ (ಆಮೇಲೆ ದಾರ ಎತ್ತಿಡಿ, ನುಂಗೀತು). ಹೊಸ ಮನೆಯಲ್ಲಿ ಅಡಗಲು ಒಂದು ರಟ್ಟಿನ ಪೆಟ್ಟಿಗೆ ಇರಲಿ. ಎಳೆದು ಮುದ್ದು ಮಾಡೋದು ಬೇಡ. ನಮ್ಮದು ಒಂದು ತಿಂಗಳಲ್ಲಿ ಎಷ್ಟೋ ತಗ್ಗಿದೆ, ಅಜ್ಜಿಯೂ ತಗ್ಗಿದ್ದಾರೆ.

ಹಲ್ಲು ಊರಿ ರಕ್ತ ಬಂದರೆ ಅರಿಶಿನ ಮೆತ್ತಿ ಕೂರಬೇಡಿ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ರೇಬಿಸ್ ಬೆಕ್ಕಿನಿಂದಲೂ ಬರುತ್ತದೆ. ಲಕ್ಷಣ ಕಂಡ ಮೇಲೆ ಬದುಕುವುದು ಅಪರೂಪದಲ್ಲಿ ಅಪರೂಪ. ಅಂಗಡಿ ಕೈಬದಲಾಗುವಾಗ ಹಳೇ ಲೆಕ್ಕದ ಪುಸ್ತಕ ಕೇಳುತ್ತೇವಲ್ಲ, ಹಾಗೆ ಬೆಕ್ಕು ಕೊಡುವವರ ಹತ್ತಿರ ಲಸಿಕೆಯ ಚೀಟಿ ಕೇಳಿ ತೆಗೆದುಕೊಳ್ಳಿ.