ಕುದುರೆಯ ಕರುಳಿನ ಅಜ್ಞಾತ ನಿವಾಸಿಗಳು

ಮಂಡ್ಯ, ಮದ್ದೂರು, ಮಳವಳ್ಳಿಗಳ ಪೇಟೆಬೀದಿಗಳಲ್ಲಿ ಜಟಕಾಗಳು ಓಡಾಡುತ್ತಿದ್ದ ಕಾಲವೊಂದಿತ್ತು. ಜಟಕಾ ಕುದುರೆಗೆ ಹುಲ್ಲು, ಜೊತೆಗೆ ಹುರುಳಿ. ಕೊಟ್ಟಿಗೆಯ ಹಸುವಿಗೂ ಹುಲ್ಲೇ ಮೇವು. ಆದರೆ ಹಸುವಿನ ಸಗಣಿ ನುಣ್ಣಗಿರುತ್ತದೆ. ಕುದುರೆಯ ಲದ್ದಿಯಲ್ಲಿ ಹುಲ್ಲಿನ ನಾರು ಬರಿಗಣ್ಣಿಗೇ ಕಾಣುತ್ತದೆ. ಇದೇಕೆ?

ನಾರಿನ ಮುಖ್ಯ ದ್ರವ್ಯ ಸೆಲ್ಯುಲೋಸ್. ಅದನ್ನು ಒಡೆಯಬಲ್ಲ ಕಿಣ್ವ ಇವೆರಡು ಪ್ರಾಣಿಗಳ ದೇಹದಲ್ಲಿಯೂ ಉತ್ಪತ್ತಿಯಾಗುವುದಿಲ್ಲ. ಆ ಕೆಲಸ ಬ್ಯಾಕ್ಟೀರಿಯ ಮೊದಲಾದ ಸೂಕ್ಷ್ಮಜೀವಿಗಳದು. ಹಸು ಅವನ್ನು ಜಠರದ ಮುಂಭಾಗದಲ್ಲಿಯೇ ನೆಲೆಗೊಳಿಸಿಕೊಂಡು, ಮೆಲುಕು ಹಾಕಿ ಮೇವನ್ನು ಅರೆಯುತ್ತದೆ. ಕುದುರೆಗೆ ಮೆಲುಕಿಲ್ಲ, ಅದರ ಹುದುಗುಪಾತ್ರೆ ಇರುವುದು ಸಣ್ಣ ಕರುಳಿನ ಆಚೆಗೆ. ಸುಮಾರು 30 ಲೀಟರು ಹಿಡಿಯುವ ಅಂಧಾಂತ್ರವೆಂಬ ಚೀಲ, ಅದರಾಚೆ ಇನ್ನೂ ವಿಶಾಲವಾದ ದೊಡ್ಡ ಕರುಳು. ಅಲ್ಲಿ ನಾರು ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳಾಗಿ ಮಾರ್ಪಡುತ್ತದೆ. ಹುಲ್ಲನ್ನೇ ನಂಬಿದ ಕುದುರೆಗೆ ಶಕ್ತಿಯ ಅರ್ಧಕ್ಕೂ ಮಿಕ್ಕ ಪಾಲು ಈ ಆಮ್ಲಗಳಿಂದಲೇ ಒದಗುತ್ತದೆ. ತರಗತಿಯಲ್ಲಿ 'ಅಶ್ವಶಕ್ತಿ'ಯ ಲೆಕ್ಕ ಹಾಕಿಸುವ ನನಗೆ ಈ ಸಂಗತಿ ತಿಳಿದುದು ಬಹಳ ತಡವಾಗಿ!

ಧಾನ್ಯವನ್ನು ಒಮ್ಮೆಗೇ ಮಿತಿಮೀರಿ ತಿನ್ನಿಸಿದರೆ ಜೀರ್ಣವಾಗದ ಪಿಷ್ಟ ಅಂಧಾಂತ್ರಕ್ಕೆ ನುಗ್ಗುತ್ತದೆ. ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯ ಮೇಲುಗೈ ಪಡೆದು, ನಾರನ್ನು ಒಡೆಯುವವು ಸಾಯುತ್ತವೆ. ಕುದುರೆ ಹೊಟ್ಟೆಶೂಲೆಯಿಂದ ಹೊರಳಾಡುತ್ತದೆ; ಗೊರಸಿನೊಳಗೆ ಉರಿಯೂತ ಹುಟ್ಟಿ ಕುಂಟಾಗುವುದೂ ಉಂಟು. ಆದುದರಿಂದ ಕರುಳಿನಲ್ಲಿ ಯಾರು ಯಾರಿದ್ದಾರೆಂಬುದನ್ನು ಅರಿಯುವುದು ಕುದುರೆಯ ಪ್ರಾಣಕ್ಕೆ ಸಂಬಂಧಿಸಿದ ವಿಷಯ.

ಅರಿಯುವುದು ಹೇಗೆ? ಸೂಕ್ಷ್ಮದರ್ಶಕದಲ್ಲಿ ಕಾಣುವುದು ಕಡ್ಡಿಗಳು ಮತ್ತು ಚುಕ್ಕಿಗಳು. ಬೇರೆ ಬೇರೆ ಕುಲದವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. 1906ರಲ್ಲಿ ಇಂಗ್ಲೆಂಡಿನ ಆಂಡ್ರೂಸ್ ಮತ್ತು ಹಾರ್ಡರ್ ಎಂಬವರು, ಯಾವ ಸಕ್ಕರೆಯನ್ನು ಯಾವುದು ಹುಳಿಯಿಸುತ್ತದೆಂಬ ಪರೀಕ್ಷೆಯ ಆಧಾರದಿಂದ, ಕುದುರೆಯ ಲದ್ದಿಯಲ್ಲಿ ಹೇರಳವಾಗಿರುವ ಒಂದನ್ನು ಬೇರ್ಪಡಿಸಿ 'ಸ್ಟ್ರೆಪ್ಟೊಕಾಕಸ್ ಈಕ್ವೈನಸ್' ಎಂದು ಹೆಸರಿಟ್ಟರು. ಅದು ಗಾಳಿಯನ್ನು ಸಹಿಸಬಲ್ಲ ಜೀವಿ. ಕರುಳಿನ ಬಹುಪಾಲು ನಿವಾಸಿಗಳಿಗೆ ಆಕ್ಸಿಜನ್ ವಿಷ. ಅಮೆರಿಕದ ಹಂಗೇಟ್ ಎಂಬವರು ಕಾಯಿಸಿದ ತಾಮ್ರದ ಮೇಲೆ ಹಾಯಿಸಿ ಆಕ್ಸಿಜನ್ ಲೇಶವನ್ನೂ ಕಳೆದ ಅನಿಲವನ್ನು ನಳಿಗೆಯಲ್ಲಿ ತುಂಬಿ, ಇಂಥವನ್ನು ಬೆಳೆಸುವ ಉಪಾಯವನ್ನು ಕಂಡುಕೊಂಡರು. ಇದನ್ನು ಪ್ರಯೋಗಿಸಿದ್ದು ಹಸುವಿನ ಹೊಟ್ಟೆಯ ಜೀವಿಗಳ ಮೇಲೆ. ಹಾಗಿದ್ದರೂ ಬೆಳೆಯಲೊಲ್ಲದವು ಅಸಂಖ್ಯಾತವಾಗಿ ಉಳಿದುವು.

ಈಗ ಬೆಳೆಸದೆಯೇ ಓದುವ ಮಾರ್ಗವಿದೆ. ಲದ್ದಿಯಲ್ಲಿರುವ ಸಕಲ ಜೀವಿಗಳ ಡಿಎನ್‌ಎಯನ್ನು ಒಟ್ಟಿಗೆ ತೆಗೆದು, ಚೂರು ಚೂರಾಗಿ ಓದುತ್ತಾರೆ. ನೂರು ಪುಸ್ತಕಗಳನ್ನು ಹರಿದು ಒಂದೇ ಗೋಣಿಚೀಲದಲ್ಲಿ ಕಲಸಿದ್ದಾರೆಂದು ಭಾವಿಸಿರಿ. ಆದರೆ ಒಂದು ಪುಸ್ತಕದ ಹತ್ತು ಪ್ರತಿಗಳಿದ್ದರೆ, ಮತ್ತೊಂದರ ಸಾವಿರ. ಒಂದೇ ಪುಸ್ತಕದ ಚೂರುಗಳೆಲ್ಲ ಸುಮಾರು ಒಂದೇ ಸಂಖ್ಯೆಯಲ್ಲಿ ದೊರೆಯುತ್ತವೆ. ಅವುಗಳ ಅಕ್ಷರಗಳ ಧಾಟಿಯೂ ಒಂದೇ. ಈ ಎರಡು ಸುಳಿವುಗಳಿಂದ ಗಣಕಯಂತ್ರ ಒಂದೊಂದು ಗ್ರಂಥವನ್ನೂ ಜೋಡಿಸುತ್ತದೆ. ಹೀಗೆ ದೊರೆತ ಜೀನೋಮು ತಿಳಿದಿರುವ ಯಾವುದರೊಡನೆಯೂ ಸುಮಾರು ಶೇಕಡ 95ರಷ್ಟು ಹೊಂದದಿದ್ದರೆ, ಅದು ಹೊಸ ಪ್ರಭೇದವೆಂದು ಗಣನೆ.

ಮದ್ದೂರಿನಿಂದ ಹುಲಿಯೂರುದುರ್ಗದ ಹಾದಿಯಾಗಿ ಹೋದರೆ ಸಿಕ್ಕುವ ಕುಣಿಗಲ್, ಟಿಪ್ಪು ಸುಲ್ತಾನನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದುದು. ಮುಂದೆ ಅಲ್ಲಿ ಥರೋಬ್ರೆಡ್ ಎಂಬ ಪಂದ್ಯದ ತಳಿಯನ್ನು ಬೆಳೆಸಿದರು. ಅದೇ ತಳಿಯ ಕುದುರೆಗಳ ಲದ್ದಿಯ ಕೇವಲ 5 ಮಾದರಿಗಳಿಂದ ಬ್ರಿಟನ್ನಿನ ಸಂಶೋಧಕರು 123 ಜೀನೋಮುಗಳನ್ನು ಜೋಡಿಸಿ 2022ರಲ್ಲಿ ಪ್ರಕಟಿಸಿದರು. ಹತ್ತಾರು ಪ್ರಭೇದಗಳಿಗೆ ಆವರೆಗೆ ಹೆಸರೇ ಇರಲಿಲ್ಲ! ಹೊಸ ಹೆಸರುಗಳ ಮುಂದೆ 'ಕ್ಯಾಂಡಿಡೇಟಸ್' ಎಂಬ ಪದವನ್ನು ಸೇರಿಸಿದ್ದಾರೆ, ಎಂದರೆ ಉಮೇದುವಾರ. ಪೂರ್ವದ ನಿಯಮದಂತೆ ಹೆಸರು ಕಾಯಂ ಆಗಬೇಕಾದರೆ ಜೀವಂತ ಶುದ್ಧ ತಳಿಯನ್ನು ಎರಡು ದೇಶಗಳ ಸಂಗ್ರಹಾಲಯಗಳಲ್ಲಿ ಇರಿಸಬೇಕು. ಅದು ಸುಲಭಸಾಧ್ಯವಲ್ಲ. ಕೆಲವು ಜೀವಿಗಳು ಒಂಟಿಯಾಗಿ ಬದುಕಲಾರವು; ಅವು ಬಿಡುವ ಹೈಡ್ರೊಜನ್ನನ್ನು ತಿಂದು ಮೀಥೇನ್ ಮಾಡುವ ನೆರೆಯವನೂ ಅದೇ ನಳಿಗೆಯಲ್ಲಿರಬೇಕಾಗುತ್ತದೆ.