ಸೋಗೆ ಕತ್ತರಿಸುವ ಯಂತ್ರವೂ ನಮ್ಮ ಕೈಯೂ



ಚನ್ನಗಿರಿ ಸೀಮೆಯಲ್ಲಿ, ಬಸವಾಪಟ್ಟಣ, ಸಂತೇಬೆನ್ನೂರು ಕಡೆಯ ಅಡಿಕೆ ತೋಟಗಳಲ್ಲಿ, ಬಿದ್ದ ಸೋಗೆಗೆ ಬೆಂಕಿ ಇಡುವವರು ಈಗಲೂ ಇದ್ದಾರೆ. ಅದು ಗೊಬ್ಬರವನ್ನೇ ಸುಟ್ಟ ಹಾಗೆ. ಒಂದೊಂದು ಮರವೂ ವರ್ಷಕ್ಕೆ ಐದಾರು ಸೋಗೆ ಉದುರಿಸುತ್ತದೆ. ಅದನ್ನು ಗೇಣಿಗಿಂತ ಸಣ್ಣಗೆ ತುಂಡು ಮಾಡಿ, ಸಗಣಿ ಬಗ್ಗಡ ಚೆಲ್ಲಿ, ಕೆಲವು ವಾರ ಕಳಿಯಲು ಬಿಟ್ಟು, ಆಮೇಲೆ ಎರೆಹುಳು ಬಿಟ್ಟರೆ ಒಳ್ಳೆಯ ಗೊಬ್ಬರವಾಗುತ್ತದೆ. ಕತ್ತರಿಸುವುದಕ್ಕೆ ಈಗ ಮಿಷನ್ನು ಬಂದಿದೆ. ಮೋಟರಿನದೂ ಇದೆ, ಟ್ರಾಕ್ಟರಿಗೆ ಜೋಡಿಸುವುದೂ ಇದೆ. ತೆಂಗಿನ ಗರಿ, ಮರದ ರೆಂಬೆಯನ್ನೂ ನುರಿಸಿಹಾಕುತ್ತದೆ. ಆದರೆ ಸೋಗೆಯ ದಿಂಡು ಯಾವುದು, ನಮ್ಮ ಮುಂಗೈ ಯಾವುದು ಎಂಬುದು ಅದಕ್ಕೆ ತಿಳಿಯದು.

ಸ್ವಲ್ಪ ಲೆಕ್ಕ ಹಾಕೋಣ. ಟ್ರಾಕ್ಟರಿನ ಹಿಂದೆ ತಿರುಗುವ ದಂಡ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 9 ಸುತ್ತು. ಟವಲ್ಲಿನ ತುದಿ ಸಿಕ್ಕಿಕೊಂಡರೆ 'ಅಯ್ಯೋ' ಅನ್ನುವಷ್ಟರಲ್ಲಿ ಮುಗಿದುಹೋಗಿರುತ್ತದೆ. ಆದ್ದರಿಂದ ದಂಡಕ್ಕೆ, ಬೆಲ್ಟಿಗೆ ಕವಚ ಇಲ್ಲದ ಮಿಷನ್ನು ಬಾಡಿಗೆಗೂ ಬೇಡ. ಹೆಗಲ ಟವಲ್ಲು ಮನೆಯಲ್ಲೇ ಇರಲಿ. ಹೆಣ್ಣುಮಕ್ಕಳು ಜಡೆ ಮೇಲಕ್ಕೆ ಕಟ್ಟಿ, ಬಳೆ ತೆಗೆದು, ಸೆರಗಿನ ಮೇಲೆ ಮೈಗೆ ಹತ್ತಿದ ಅಂಗಿ ತೊಡಬೇಕು. ಜೋಲುವ ಕೈಗವಸು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅಂತೀರಾ? ಅಲ್ಲ, ಅದೇ ಕೈಯನ್ನು ಒಳಕ್ಕೆ ಎಳೆಸುತ್ತದೆ. ಕಣ್ಣಿಗೆ ಕನ್ನಡಕ ಹಾಕಿ, ಚೂರು ಹಾರುತ್ತವೆ.

ಸೋಗೆ, ರೆಂಬೆ ಯಾವುದೇ ಆಗಲಿ, ಬುಡ ಮುಂದಾಗಿ ಕೊಡಿ. ಬಾಯಿಗೆ ನೇರ ನಿಲ್ಲದೆ ಪಕ್ಕಕ್ಕೆ ನಿಲ್ಲಿ. ಮಿಷನ್ನು ಹಿಡಿದ ಕೂಡಲೆ ಕೈ ಬಿಟ್ಟುಬಿಡಬೇಕು. ಕೊನೆಯ ಗಿಡ್ಡ ತುಂಡನ್ನು ಕೈಯಿಂದ, ಕಾಲಿಂದ ತಳ್ಳಬೇಡಿ. ಇನ್ನೊಂದು ಸೋಗೆ ಕೊಟ್ಟರೆ ಅದೇ ತಳ್ಳುತ್ತದೆ. ಕಲ್ಲು, ತಂತಿ, ಮೊಳೆ ಇದೆಯೇ ಅಂತ ಮೊದಲೇ ನೋಡಿಕೊಳ್ಳಿ.

ಇನ್ನು ಸಿಕ್ಕಿಕೊಳ್ಳುವ ಮಾತು. ಹಸಿ ಹಾಳೆಯ ನಾರು ಸುತ್ತಿಕೊಂಡು ಮಿಷನ್ನು ನಿಲ್ಲುತ್ತದೆ. ಆಗಲೇ ಕೈಗೆ ಕುತ್ತು. "ಸ್ವಿಚ್ಚು ಆರಿಸಿದೆನಲ್ಲ ಯಜಮಾನರೇ" ಅನ್ನಬಹುದು. ಆರಿಸಿದರೂ ಬ್ಲೇಡಿನ ಭಾರವಾದ ಚಕ್ರ ಬುಗುರಿಯ ಹಾಗೆ ತನ್ನ ರಭಸಕ್ಕೆ ತಿರುಗುತ್ತಲೇ ಇರುತ್ತದೆ. ಅದು ಪೂರ್ತಿ ನಿಂತ ಮೇಲೇ ಮುಚ್ಚಳ ತೆಗೆಯಬೇಕು.

ಇನ್ನೊಂದು ಮೋಸ ಕರೆಂಟಿನದು. ಕರೆಂಟು ಹೋಯಿತು, ಈಗ ನಾರು ಬಿಡಿಸೋಣ ಅಂತ ಕೈ ಹಾಕುತ್ತೇವೆ. ಪಂಪಿನ ಮನೆಯಿಂದಲೇ ಲೈನು ಎಳೆದು, ಆಟೋ ಸ್ಟಾರ್ಟರಿಗೆ ಜೋಡಿಸಿದ್ದರೆ, ಕರೆಂಟು ಬಂದ ಗಳಿಗೆ ಮೋಟರು ತಾನೇ ಹೊರಡುತ್ತದೆ. ಬಾವಿಯ ಪಂಪಿಗೆ ಆಟೋ ಸರಿ, ಬ್ಲೇಡಿಗೆ ಮಾತ್ರ ಎಂದಿಗೂ ಬೇಡ. ಮೇನು ಆರಿಸಿ, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಬನ್ನಿ. ಟ್ರಾಕ್ಟರಾದರೆ ಇಂಜಿನ್ನು ನಿಲ್ಲಿಸಿ, ಬೀಗದ ಕೈ ನಿಮ್ಮ ಹತ್ತಿರ ಇರಲಿ.

ಬೆಳೆ ಒಕ್ಕುವ ಯಂತ್ರದಲ್ಲಿ ಕೈ ಕಳೆದುಕೊಂಡವರು ನಮ್ಮ ದೇಶದಲ್ಲಿ ಬಹಳ ಜನ. ಕೇಂದ್ರ ಸರಕಾರ 1983ರಲ್ಲಿ ಅಪಾಯಕಾರಿ ಯಂತ್ರಗಳಿಗೆಂದೇ ಒಂದು ಕಾಯಿದೆ ಮಾಡಿತು. ಮಿಷನ್ನು ಕೊಳ್ಳುವಾಗ ನೀವೂ ಒಂದು ಪರೀಕ್ಷೆ ಮಾಡಿ: ಅದು ನಿಂತಿರುವಾಗ, ಫ್ಯೂಸು ತೆಗೆದು, ಬಾಯಿಂದ ಬ್ಲೇಡಿನವರೆಗೆ ಕೋಲು ಇಟ್ಟು ಅಳೆಯಿರಿ. ನಿಮ್ಮ ತೋಳಿಗಿಂತ ಗಿಡ್ಡವಾಗಿದ್ದರೆ ಬಿಟ್ಟುಬನ್ನಿ.

ಒಬ್ಬರೇ ಈ ಕೆಲಸ ಮಾಡಬೇಡಿ. ಸ್ವಿಚ್ಚಿನ ಹತ್ತಿರ ಇನ್ನೊಬ್ಬರು ಇರಲಿ. ಮಕ್ಕಳು ದೂರವಿರಲಿ. ಏನಾದರೂ ಆಗಿಯೇ ಹೋದರೆ ಗಾಯಕ್ಕೆ ಅರಿಶಿನ, ಕಾಫಿಪುಡಿ ಮೆತ್ತದೆ ಶುಭ್ರ ಬಟ್ಟೆಯಿಂದ ಬಲವಾಗಿ ಒತ್ತಿಹಿಡಿದು 108ಕ್ಕೆ ಫೋನು ಮಾಡಿ. ಬೆರಳು ತುಂಡಾಗಿದ್ದರೆ ಒದ್ದೆ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸಿನ ಮೇಲಿಟ್ಟು ಗಾಯಾಳುವಿನ ಜೊತೆಗೇ ಕಳಿಸಿ. ಬೆರಳಿಗೆ ಐಸು ನೇರವಾಗಿ ತಾಗಬಾರದು.