ಮಸಾಯಿ ಸಾರಿನ ಕಹಿ

ಮಸಾಯಿ ಶೈಲಿಯ ದನದ ಮಾಂಸದ ಸಾರು ಎಂದು ಈಗ ಮನೆಗಳಲ್ಲಿ ಮಾಡುವ ಅಡುಗೆಯಲ್ಲಿ ಜೀರಿಗೆ, ಏಲಕ್ಕಿ, ಲವಂಗ, ಟೊಮೆಟೊ ಎಲ್ಲ ಬೀಳುತ್ತವೆ. ರುಚಿಗೆ ಕೊರತೆಯಿಲ್ಲ. ಆದರೆ ಆ ಘಮ ಪೂರ್ವ ಆಫ್ರಿಕಾದ ಕರಾವಳಿಯದು, ಜಾಂಜಿಬಾರಿನ ಲವಂಗದ ತೋಟಗಳ ಕಡೆಯದು. ಕೀನ್ಯಾ ಮತ್ತು ತಾಂಜಾನಿಯಾದ ಒಳನಾಡಿನಲ್ಲಿ ದನ ಮೇಯಿಸಿಕೊಂಡು ಬಂದ ಮಸಾಯಿಗಳು ಮಾಂಸದ ಸಾರಿಗೆ ಹಾಕುತ್ತಿದ್ದದ್ದು ಮರದ ತೊಗಟೆ, ಬೇರು. ಸಾರು ಕಹಿಯಾಗಿ, ಒಗರಾಗಿ ಇಳಿಯುತ್ತಿತ್ತು. ಆ ಕಹಿಯಲ್ಲಿ ಏನಿದೆ ಎಂದು ವಿಜ್ಞಾನಿಗಳು ಕೇಳಿದ್ದು ಬಹಳ ತಡವಾಗಿ.

ಅವರ ಊಟದ ಬಗ್ಗೆ ಕುತೂಹಲವೇನೂ ಹೊಸದಲ್ಲ. 1931ರಲ್ಲೇ ಆರ್ ಮತ್ತು ಗಿಲ್ಕ್ಸ್ ಎಂಬ ಇಬ್ಬರು ಮಸಾಯಿಗಳನ್ನು ನೆರೆಯ ಕಿಕುಯು ಜನರೊಂದಿಗೆ ಹೋಲಿಸಿ ವರದಿ ಬರೆದರು. ಹಾಲು, ಮಾಂಸ, ರಕ್ತ ಉಣ್ಣುವ ಮಸಾಯಿ ಗಂಡಸರು ಕಾಳುಕಡ್ಡಿ, ಗೆಡ್ಡೆಗೆಣಸು ತಿನ್ನುವ ಕಿಕುಯು ಗಂಡಸರಿಗಿಂತ ಎತ್ತರ, ದೃಢಕಾಯರು ಎಂದು ಕಂಡುಕೊಂಡರು.

ನಿಜವಾದ ಒಗಟು ಎದ್ದದ್ದು 1960ರ ದಶಕದಲ್ಲಿ. ಪ್ರಾಣಿಜನ್ಯ ಕೊಬ್ಬು ತಿಂದರೆ ಕೊಲೆಸ್ಟರಾಲ್ ಏರುತ್ತದೆ, ಹೃದಯ ಕೆಡುತ್ತದೆ ಎಂಬ ಮಾತು ಅಮೆರಿಕದಲ್ಲಿ ಬಲವಾಗುತ್ತಿದ್ದ ಕಾಲ ಅದು. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೈದ್ಯ ಜಾರ್ಜ್ ಮಾನ್ ಆ ಮಾತನ್ನು ಪರೀಕ್ಷಿಸಲು ಹಾಲು ಮಾಂಸಗಳಲ್ಲೇ ಬದುಕುವವರ ಬಳಿಗೇ ಹೋದರು. ಇಂದಿನ ತಾಂಜಾನಿಯಾದ ಮುಖ್ಯ ಭೂಭಾಗವಾದ ಟಾಂಗನಿಕಾದಲ್ಲಿ 400 ಮಸಾಯಿ ಗಂಡಸರನ್ನು ಪರೀಕ್ಷಿಸಿ 1964ರಲ್ಲಿ ಪ್ರಕಟಿಸಿದ ಫಲಿತಾಂಶ ಬೆರಗು ಹುಟ್ಟಿಸುವಂಥದ್ದು: ರಕ್ತದಲ್ಲಿ ಕೊಲೆಸ್ಟರಾಲ್ ಕಡಿಮೆ, ಹೃದ್ರೋಗದ ಲಕ್ಷಣ ಇಲ್ಲವೆನ್ನುವಷ್ಟು ವಿರಳ.

ಏಕೆ? ಒಬ್ಬೊಬ್ಬರು ಒಂದೊಂದು ಕಡೆ ಹುಡುಕಿದರು. 1971ರಲ್ಲಿ ಇನ್ನೊಂದು ಅಮೆರಿಕನ್ ತಂಡ, ಊಟದಲ್ಲಿ ಕೊಲೆಸ್ಟರಾಲ್ ಹೆಚ್ಚಾದಾಗ ಮಸಾಯಿಗಳ ದೇಹ ತಾನೇ ತಯಾರಿಸುವುದನ್ನು ತಗ್ಗಿಸುತ್ತದೆ ಎಂದಿತು. ಮರುವರ್ಷ ಮಾನ್ 50 ಮಸಾಯಿಗಳ ಮರಣೋತ್ತರ ಪರೀಕ್ಷೆಯ ಫಲ ಬರೆದರು. ನನ್ನ ಮಟ್ಟಿಗೆ ಇಡೀ ಕತೆಯ ಅತ್ಯಂತ ಪ್ರಾಮಾಣಿಕ ಪುಟ ಅದು, ಏಕೆಂದರೆ ಅದು ಅವರ ಮೊದಲ ಚಿತ್ರವನ್ನೇ ಕದಡಿತು. ರಕ್ತನಾಳಗಳಲ್ಲಿ ಕೊಬ್ಬಿನ ಪದರ ಇತ್ತು, ವಯಸ್ಸಾದ ಅಮೆರಿಕನ್ನರಲ್ಲಿ ಇರುವಷ್ಟೇ ಇತ್ತು. ಆದರೆ ನಾಳಗಳು ವಯಸ್ಸಿನೊಂದಿಗೆ ಅಗಲವಾಗುತ್ತಾ ಹೋಗಿದ್ದರಿಂದ ರಕ್ತದ ದಾರಿ ಮುಚ್ಚಿರಲಿಲ್ಲ. ದಿನವಿಡೀ ದನಗಳ ಹಿಂದೆ ನಡೆಯುವುದರಿಂದ ಬಂದ ಕಸುವು ಇದಕ್ಕೆ ಕಾರಣವಿರಬಹುದು ಎಂದು ಅವರು ಊಹಿಸಿದರು. 1974ರಲ್ಲಿ ವಿಮಾನ ಹಾರಿಸಿಕೊಂಡು ಹೋಗಿ ಚಿಕಿತ್ಸೆ ಕೊಡುತ್ತಿದ್ದ ವೈದ್ಯೆ ಆನ್ ಸ್ಪೋರಿ ಜೊತೆ ಸೇರಿ ಹುಳಿ ಹಾಲಿನ ಪ್ರಯೋಗವೊಂದರ ಫಲ ಪ್ರಕಟಿಸಿದರು. ಯಥೇಚ್ಛ ಹುಳಿ ಹಾಲು ಕುಡಿದವರಲ್ಲೂ ಕೊಲೆಸ್ಟರಾಲ್ ಇಳಿಯಿತು.

ರಕ್ತ ನೋಡಿದ್ದಾಯಿತು, ಹೃದಯ ನೋಡಿದ್ದಾಯಿತು, ಹಾಲೂ ಆಯಿತು. ಉಳಿದದ್ದು ಒಲೆಯ ಮೇಲಿನ ಪಾತ್ರೆ.

ಅದನ್ನು ಇಣುಕಿ ನೋಡಿದವರು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಟಿಮೊಥಿ ಜಾನ್ಸ್. ಜನರು ಕಹಿ ಸಸ್ಯಗಳನ್ನು ಯಾಕೆ ತಿನ್ನುತ್ತಾರೆ ಎಂಬುದೇ ಅವರ ಅಧ್ಯಯನದ ವಿಷಯ. ತಾಂಜಾನಿಯಾದ ಸಸ್ಯತಜ್ಞ ಮಹುನ್ನಾ ಮೊದಲಾದವರ ಜೊತೆ 1990ರ ದಶಕದಲ್ಲಿ ಮಸಾಯಿಗಳೂ ಅವರ ನೆರೆಯ ಬಟೆಮಿಗಳೂ ಸಾರಿಗೆ, ಹಾಲಿಗೆ ಹಾಕುವ ತೊಗಟೆ ಬೇರುಗಳನ್ನು ಸಂಗ್ರಹಿಸಿದರು. ಬಹುಪಾಲು ಸಸ್ಯಗಳಲ್ಲಿ ಸಪೋನಿನ್ ಅಥವಾ ಫಿನಾಲ್ ಜಾತಿಯ ರಾಸಾಯನಿಕಗಳು ಸಿಕ್ಕವು. ಅಂಟುವಾಳ, ಸೀಗೆಕಾಯಿ ನೊರೆ ಬರುವುದು ಸಪೋನಿನ್‌ನಿಂದಲೇ. ಕರುಳಿನಲ್ಲಿ ಅದು ಕೊಲೆಸ್ಟರಾಲನ್ನೂ ಪಿತ್ತಾಮ್ಲವನ್ನೂ ಹಿಡಿದುಕೊಂಡು ಹೊರಗೆ ಸಾಗಿಸಬಲ್ಲದು. ಸಾರಿಗೆ ಹೆಚ್ಚಾಗಿ ಬಳಸುವ ಅಕೇಶಿಯಾ ಗೊಯೆಟ್ಜಿ ಮರವಂತೂ ನಮ್ಮ ಸೀಗೆಯ ಕುಲದ್ದೇ. ಮಸಾಯಿಗಳ ಇನ್ನೊಂದು ಮೆಚ್ಚಿನ ತೊಗಟೆ ಓಲ್ಕಿಲೊರಿತಿ. ಅದು ಉತ್ತರ ಕರ್ನಾಟಕದ ಎರೆಹೊಲಗಳ ಬದುವಿನಲ್ಲಿ ನಿಂತಿರುವ ಕರಿಜಾಲಿ.

ಮಾನ್ ಕಂಡ ಒಗಟಿಗೆ ಇದೊಂದೇ ಉತ್ತರ ಎಂದು ಜಾನ್ಸ್ ತಂಡ ಹೇಳಲಿಲ್ಲ. ಅವರ ಪರೀಕ್ಷೆ ನಡೆದದ್ದು ಪ್ರಯೋಗಾಲಯದ ಗಾಜಿನಲ್ಲಿ, ಮನುಷ್ಯರ ಹೊಟ್ಟೆಯಲ್ಲಲ್ಲ. ಆದರೂ ನನಗೆ ಇದು ದೊಡ್ಡ ಆವಿಷ್ಕಾರ. ಏಕೆಂದರೆ ಆವರೆಗೆ ಬರೆದವರಲ್ಲಿ ಹೆಚ್ಚಿನವರು 'ಹಾಲು, ಮಾಂಸ, ರಕ್ತ' ಎಂದು ಪಟ್ಟಿ ಮುಗಿಸಿ ತೊಗಟೆಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮೊರಾನ್‌ಗಳು, ಅಂದರೆ ಯೋಧ ಪ್ರಾಯದ ಹುಡುಗರು, ಓಲ್‌ಪುಲ್ ಎಂದು ಕಾಡಿಗೆ ಹೋಗಿ ಎತ್ತು ಕಡಿದು ದಿನಗಟ್ಟಲೆ ಮಾಂಸ ಉಣ್ಣುವಾಗ ತೊಗಟೆಯ ಸಾರಿಲ್ಲದೆ ಉಣ್ಣುತ್ತಿರಲಿಲ್ಲ. ಬಾಣಂತಿಯರಿಗೂ ಗಿಡಮೂಲಿಕೆ ಬೇಯಿಸಿದ ಸಾರು. ಇದನ್ನು ತಿಳಿಯಲು ಸೂಜಿ ಚುಚ್ಚಬೇಕಾಗಿರಲಿಲ್ಲ, ಅಡುಗೆ ಮಾಡುವವರ ಪಕ್ಕ ಕೂತು ಕೇಳಿದ್ದರೆ ಸಾಕಿತ್ತು.

ಮನೆಯಲ್ಲಿ ಮಾಡುವವರು ತೊಗಟೆಯ ಸಾಹಸಕ್ಕೆ ಕೈಹಾಕಬಾರದು. ಮಸಾಯಿಗಳು ಬಳಸುವ ಅಲ್ಬಿಜಿಯಾ ಆಂಥೆಲ್ಮಿಂಟಿಕಾ ಲಾಡಿಹುಳಕ್ಕೆ ಕೊಡುವ ಕಟು ಔಷಧಿ. ಅಳತೆ ಗೊತ್ತಿದ್ದವರ ಕೈಯಲ್ಲೇ ಅದು ಇರಬೇಕು. ನಮ್ಮ ಡಬ್ಬಿಯಲ್ಲಿ ಸಪೋನಿನ್ ಇರುವ, ನಂಬಬಹುದಾದ ಕಹಿ ಒಂದಿದೆ: ಮೆಂತ್ಯ. ನಲ್ಲಿ ಮೂಳೆ ಸಮೇತ ಕಾಲಿನ ಮಾಂಸ ಒಂದು ಕಿಲೋ, ಎರಡೂವರೆ ಲೀಟರ್ ನೀರು, ಉಪ್ಪು. ನೊರೆ ತೆಗೆದು, ಒಂದು ಚಮಚ ಮೆಂತ್ಯ, ಒಂದು ತುಂಡು ದಾಲ್ಚಿನ್ನಿ, ಜಜ್ಜಿದ ಕಾಳುಮೆಣಸು ಹಾಕಿ ಸಣ್ಣ ಉರಿಯಲ್ಲಿ ಮೂರು ಗಂಟೆ ಬಿಡಿ. ಕುಕ್ಕರ್ ಬೇಡ; ಮೂಳೆಯ ಸಾರ ನಿಧಾನವಾಗಿ ಇಳಿಯಬೇಕು. ಅಲ್ಲಿಯವರು ಈಗ ಮೆಕ್ಕೆಜೋಳದ ಮುದ್ದೆಯಾದ ಉಗಾಲಿಯ ಜೊತೆ ಉಣ್ಣುತ್ತಾರೆ. ನಾವು ರಾಗಿ ಮುದ್ದೆ ಮುರಿದು ಅದ್ದಿಕೊಳ್ಳಬಹುದು. ರಾಗಿಯೂ ಪೂರ್ವ ಆಫ್ರಿಕಾದ ಎತ್ತರದ ನೆಲದಿಂದಲೇ ನಮ್ಮಲ್ಲಿಗೆ ಬಂದದ್ದು.